312 ಹೂವು, ಸೊನ್ನೆ ಹಣ್ಣು: ಒಂದು ಪ್ಯಾಶನ್ ಫ್ರೂಟ್ ಬಳ್ಳಿಯ ಪ್ರಕರಣ

ಅಕ್ಕನ ಮನೆಯ ಹಿತ್ತಲಲ್ಲಿ ಒಂದು ಪ್ಯಾಶನ್ ಫ್ರೂಟ್ ಬಳ್ಳಿ ಇದೆ. ಅದು ಹೂ ಬಿಡಲು ಶುರು ಮಾಡಿದ ದಿನದಿಂದ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಲೆಕ್ಕ ಬರೆದಿಡುತ್ತಿದ್ದಳು. ಮೊದಲ ದಿನ 2. ಮರುದಿನ 5. ವಾರ ಕಳೆಯುವಷ್ಟರಲ್ಲಿ ದಿನಕ್ಕೆ 8, 10, 11. ನಾನು ನೋಡಲು ಹೋದ ದಿನ ಒಟ್ಟು 312 ಆಗಿತ್ತು. ಕಾಯಿ ಒಂದೂ ಇರಲಿಲ್ಲ.

"ಹೂವೇನೋ ಬಿಡ್ತಾ ಇದೆ ಕಣೋ. ಒಂದೂ ನಿಲ್ತಾ ಇಲ್ಲ. ಎರಡು ದಿನಕ್ಕೆ ತೊಟ್ಟಿನ ಸಮೇತ ಉದುರಿ ಹೋಗುತ್ತೆ" ಎಂದಳು. ಚಪ್ಪರದ ಕೆಳಗೆ ಒಣಗಿದ ಹೂಗಳು ರಾಶಿ ಬಿದ್ದಿದ್ದವು. ದಿನಾ ಗುಡಿಸಿ ಗುಡಿಸಿ ಅವಳಿಗೆ ಸಾಕಾಗಿತ್ತು.

ಈ ಬಳ್ಳಿ ಕಾಯಿ ಕಚ್ಚುವ ಹೊತ್ತಿಗೆ ಎರಡೂವರೆ ವರ್ಷ ಹಿಡಿಯಿತು. ಅದರಲ್ಲಿ ಒಂದು ವರ್ಷದಷ್ಟು ತಡ ಆಗಿದ್ದು ನನ್ನ ಸಲಹೆಯಿಂದಲೇ. ಏನೇನು ಮಾಡಿದೆವು, ಎಲ್ಲಿ ತಪ್ಪಿದೆವು ಅಂತ ಬರೆದಿಡುತ್ತಿದ್ದೇನೆ.

ಬಳ್ಳಿ ಹೇಗಿತ್ತು

ಒಂದು ಹಳದಿ ಹಣ್ಣು ತಿಂದು, ಅದರ ಬೀಜ ತೊಳೆದು ಕುಂಡದಲ್ಲಿ ಹಾಕಿದ್ದಳು ಅಕ್ಕ. ಬೀಜ ಹೊಸದಾಗಿದ್ದರಿಂದ ಮೂರು ವಾರದೊಳಗೆ ಏಳೆಂಟು ಮೊಳಕೆ ಬಂದವು. ಬಸವನಹುಳು ಬಂದು ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಹಾಕಿತು. ಆ ಒಂದೇ ಸಸಿಯನ್ನು ಹಿತ್ತಲ ಗೋಡೆಯ ಪಕ್ಕ ನೆಟ್ಟಳು. ಆಗ ಯಾರೂ ಇದನ್ನು ಮುಖ್ಯ ವಿಷಯ ಅಂದುಕೊಳ್ಳಲಿಲ್ಲ. ಬಸವನಹುಳುವಿನ ಹತ್ತಿರವೇ ಅರ್ಧ ಕಥೆ ಇತ್ತು ಅಂತ ಈಗ ಅನ್ನಿಸುತ್ತದೆ.

ಜಾಗ ಚೆನ್ನಾಗಿತ್ತು. ದಿನಕ್ಕೆ ಏಳು ಗಂಟೆಯಾದರೂ ನೇರ ಬಿಸಿಲು. ಮಣ್ಣು ಸಡಿಲ, ನೀರು ನಿಲ್ಲುವುದಿಲ್ಲ. ಭಾವ ಆಳೆತ್ತರಕ್ಕೆ ಕಂಬ ನೆಟ್ಟು, ದಪ್ಪ ತಂತಿ ಎಳೆದು ಚಪ್ಪರ ಮಾಡಿಕೊಟ್ಟಿದ್ದರು. ಬಳ್ಳಿ ಒಂದೇ ಕಾಂಡದಲ್ಲಿ ಮೇಲೆ ಹೋಗಿ, ಚಪ್ಪರ ಮುಟ್ಟಿದ ಮೇಲೆ ತುದಿ ಚಿವುಟಿದ್ದರಿಂದ ಎರಡೂ ಕಡೆ ಕವಲೊಡೆದು ಹರಡಿತ್ತು. ಎಲೆ ಕಡು ಹಸಿರು, ಮಿರಮಿರ ಹೊಳಪು. ರೋಗದ ಚುಕ್ಕೆ ಇಲ್ಲ, ಮುದುಡಿದ ಎಲೆ ಇಲ್ಲ. ಹೊಸ ಕುಡಿಗಳ ಪ್ರತಿ ಗೆಣ್ಣಿನಲ್ಲೂ ಒಂದೊಂದು ಮೊಗ್ಗು. ಈ ಬಳ್ಳಿ ಹೂ ಬಿಡುವುದು ಹೊಸ ಕುಡಿಯ ಮೇಲೆ ಮಾತ್ರ, ಗೆಣ್ಣಿಗೆ ಒಂದರಂತೆ. ಆ ಲೆಕ್ಕದಲ್ಲಿ ಇದು ತನ್ನ ಕೆಲಸ ಚಾಚೂ ತಪ್ಪದೆ ಮಾಡುತ್ತಿತ್ತು.

ಎಲೆಯ ತೊಟ್ಟಿನ ಮೇಲೆ ಇರುವೆ ಸಾಲು. ಅಕ್ಕನ ಪ್ರಕಾರ ಅಪರಾಧಿ ಇರುವೆಯೇ. ನಾನು ಹೋಗುವ ಮೊದಲೇ ಎರಡು ಸಲ ಬೇವಿನೆಣ್ಣೆ ಸಿಂಪಡಿಸಿದ್ದಳು, ಅದೂ ಮಧ್ಯಾಹ್ನ. ಪ್ಯಾಶನ್ ಫ್ರೂಟ್ ಎಲೆಯ ತೊಟ್ಟಿನಲ್ಲಿ, ಎಲೆ ಶುರುವಾಗುವ ಕಡೆ, ಎರಡು ಸಣ್ಣ ಗುಳ್ಳೆ ಇರುತ್ತವೆ. ಅದರಿಂದ ಸಿಹಿ ರಸ ಒಸರುತ್ತದೆ. ಇರುವೆ ಬರುವುದು ಅದಕ್ಕೆ. ಬಂದ ಇರುವೆಗಳು ಎಲೆ ತಿನ್ನುವ ಹುಳುಗಳನ್ನು ಓಡಿಸುವುದೂ ಉಂಟು. ಅಂದರೆ ಬಳ್ಳಿಯೇ ಊಟ ಕೊಟ್ಟು ಇಟ್ಟುಕೊಂಡ ಕಾವಲುಗಾರರು. ಹೂ ಉದುರುವುದಕ್ಕೂ ಅವಕ್ಕೂ ಸಂಬಂಧ ಇರಲಿಲ್ಲ. ಆದರೆ ಮಧ್ಯಾಹ್ನ ಎಣ್ಣೆ ಹೊಡೆಯುವುದು ತಪ್ಪು, ಯಾಕೆ ಅಂತ ಮುಂದೆ ಬರುತ್ತದೆ.

ಮೊದಲ ತಪ್ಪು ಅಂದಾಜು

ಅಷ್ಟು ಹಸಿರು ಎಲೆ ನೋಡಿದ ಕೂಡಲೇ ನನಗೆ ಗೊತ್ತಾಗಿಬಿಟ್ಟಿತು ಅಂದುಕೊಂಡೆ. ಅಕ್ಕ ವಾರಕ್ಕೊಂದು ಸಲ ಸಗಣಿ ಗೊಬ್ಬರದ ನೀರು ಹಾಕುತ್ತಿದ್ದಳು. ಸಾರಜನಕ ಜಾಸ್ತಿಯಾದರೆ ಬಳ್ಳಿ ಎಲೆ ಬೆಳೆಸುತ್ತಲೇ ಇರುತ್ತದೆ, ಹಣ್ಣಿನ ಕಡೆ ಹೋಗುವುದಿಲ್ಲ. ಇದು ನಿಜವೇ. "ಗೊಬ್ಬರದ ನೀರು ನಿಲ್ಲಿಸು, ಸ್ವಲ್ಪ ಬೂದಿ ಹಾಕು" ಎಂದೆ. ಗಂಭೀರವಾಗಿಯೇ ಹೇಳಿದ್ದೆ.

ಐದು ವಾರ ಕಾದೆವು. ಎಲೆಯ ಹಸಿರು ಒಂದು ಬಣ್ಣ ಕಡಿಮೆ ಆಯಿತು. ಹೂ ಉದುರುವುದು ಮಾತ್ರ ಹಾಗೇ ಇತ್ತು.

ನಾನು ಇಲ್ಲಿ ಎಡವಿದ್ದು ಎಲ್ಲಿ ಅಂದರೆ, ಸಾರಜನಕ ಜಾಸ್ತಿಯಾದ ಬಳ್ಳಿ ಹೂವನ್ನೇ ಸರಿಯಾಗಿ ಬಿಡುವುದಿಲ್ಲ. ಇಲ್ಲಿ ಹೂವಿಗೆ ಬರ ಇರಲಿಲ್ಲ, 312 ಹೂವು ಕ್ಯಾಲೆಂಡರಿನಲ್ಲಿ ಬರೆದಿತ್ತು. ಹೂ ಬಾರದಿರುವುದು ಒಂದು ಸಮಸ್ಯೆ, ಬಂದ ಹೂವು ಕಾಯಿ ಕಚ್ಚದಿರುವುದು ಬೇರೆಯೇ ಸಮಸ್ಯೆ. ಎರಡಕ್ಕೂ ಒಂದೇ ಮದ್ದು ಹುಡುಕುತ್ತಾ ಕೂತಿದ್ದೆ.

ನೀರಿನ ಕಡೆಯಿಂದಲೂ ಒಂದು ಪ್ರಯತ್ನ ಆಯಿತು. ಇದರ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲುಮೇಲೆ ಹರಡುತ್ತದೆ. ಹೂ ಬಿಡುವ ಹೊತ್ತಲ್ಲಿ ಬೇರು ಒಣಗಿದರೆ ಹೂವು, ಹೀಚು ಎರಡೂ ಉದುರುತ್ತವೆ. ಬುಡಕ್ಕೆ ಒಣಗಿದ ಎಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟೆವು. ಬಳ್ಳಿಗೆ ಒಳ್ಳೆಯದೇ ಆಯಿತು. ಕಾಯಿ ಬರಲಿಲ್ಲ.

ಒಂದು ಮಧ್ಯಾಹ್ನ ಚಪ್ಪರದ ಕೆಳಗೆ

ಕೊನೆಗೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಒಂದು ಸ್ಟೂಲ್ ಹಾಕಿಕೊಂಡು ಹನ್ನೊಂದೂವರೆಗೆ ಚಪ್ಪರದ ಕೆಳಗೆ ಕೂತೆ. ಸುಮ್ನೆ ನೋಡುವುದು, ಅಷ್ಟೇ.

ಹಳದಿ ಜಾತಿಯ ಹೂವು ಬೆಳಿಗ್ಗೆ ಅರಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರಳಿ, ರಾತ್ರಿ ಒಂಬತ್ತು ಹತ್ತರ ಸುಮಾರಿಗೆ ಮುಚ್ಚಿಕೊಳ್ಳುತ್ತದೆ. ಮತ್ತೆ ಅರಳುವುದಿಲ್ಲ. ಅದರ ಆಯಸ್ಸು ಒಂದು ಮಧ್ಯಾಹ್ನ, ಒಂದು ಸಂಜೆ. ಅಕ್ಕ ಬೆಳಿಗ್ಗೆ ಏಳಕ್ಕೆ ನೋಡುತ್ತಿದ್ದುದು ಹಿಂದಿನ ದಿನ ಮುಚ್ಚಿದ ಹೂಗಳನ್ನು.

ಹೂವಿನ ರಚನೆ ನೋಡಿದವರು ಮರೆಯುವುದಿಲ್ಲ. ಹೊರಗೆ ಹತ್ತು ಬಿಳಿ ದಳ ಇದ್ದಂತೆ ಕಾಣುತ್ತದೆ. ನಿಜಕ್ಕೂ ಐದು ಪುಷ್ಪಪತ್ರ, ಐದು ದಳ. ಅದರ ಮೇಲೆ ಗುಂಗುರು ದಾರಗಳ ಒಂದು ಬಳೆ, ತುದಿ ಬಿಳಿ, ಬುಡ ನೇರಳೆ. ನಡುವೆ ಒಂದು ಸಣ್ಣ ಕಂಬ. ಕಂಬದಿಂದ ಐದು ಗಂಡು ಕೇಸರಗಳು ಹೊರಕ್ಕೆ ಚಾಚಿ, ಹಳದಿ ಪರಾಗದ ಚೀಲಗಳನ್ನು ಕೆಳಮುಖವಾಗಿ ತೂಗುಹಾಕಿರುತ್ತವೆ. ಎಲ್ಲಕ್ಕಿಂತ ಮೇಲೆ ಮೂರು ಹೆಣ್ಣು ತುದಿಗಳು, ಮೊಳೆಯ ತಲೆಯ ಹಾಗೆ ಗುಂಡಗೆ. ಯುರೋಪಿನ ಪಾದ್ರಿಗಳು ದಕ್ಷಿಣ ಅಮೆರಿಕದಲ್ಲಿ ಈ ಹೂವು ಕಂಡಾಗ ಆ ಮೂರರಲ್ಲಿ ಶಿಲುಬೆಯ ಮೊಳೆಗಳನ್ನು, ಐದರಲ್ಲಿ ಏಸುವಿನ ಗಾಯಗಳನ್ನು ಕಂಡರು. ಹೆಸರಿನಲ್ಲಿರುವ 'ಪ್ಯಾಶನ್' ಏಸುವಿನ ಯಾತನೆ, ಪ್ರೇಮದ ಪ್ಯಾಶನ್ ಅಲ್ಲ.

ನಾನು ಕಾಯುತ್ತಿದ್ದುದು ಆ ಮೂರು ಹೆಣ್ಣು ತುದಿಗಳ ಚಲನೆಗೆ. ಅರಳಿದ ಕೂಡಲೇ ಅವು ನೆಟ್ಟಗೆ ಮೇಲಕ್ಕೆ ನಿಂತಿರುತ್ತವೆ. ಆಮೇಲೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಕ್ಕೆ ಬಾಗುತ್ತಾ ಬರುತ್ತವೆ. ಒಂದು ಗಂಟೆ ಬಿಟ್ಟು ನೋಡಿದರೆ ಪರಾಗದ ಚೀಲಗಳ ಮಟ್ಟಕ್ಕೆ ಇಳಿದಿರುತ್ತವೆ. ಈಗ ದೊಡ್ಡ ಮೈಯ ದುಂಬಿಯೊಂದು ಬುಡದಲ್ಲಿರುವ ಮಕರಂದಕ್ಕೆ ತಲೆ ತೂರಿಸಿದರೆ, ಅದರ ಬೆನ್ನು ಗಂಡು ಹೆಣ್ಣು ಎರಡಕ್ಕೂ ಉಜ್ಜುತ್ತದೆ. ಗಾಳಿಯಿಂದ ಈ ಕೆಲಸ ಆಗುವುದಿಲ್ಲ. ಪರಾಗ ಭಾರ, ಅಂಟಂಟು, ಹಾರುವುದಿಲ್ಲ.

ಹನ್ನೆರಡೂಮುಕ್ಕಾಲಿಗೆ ಜೇನುನೊಣಗಳು ಬಂದವು, ಹಿಂಡು ಹಿಂಡಾಗಿ. ಅಕ್ಕ ಖುಷಿಪಟ್ಟಳು. ನನಗೆ ಖುಷಿ ಆಗಲಿಲ್ಲ. ಜೇನುನೊಣ ಈ ಹೂವಿಗೆ ತೀರಾ ಚಿಕ್ಕದು. ಅದು ನೇರ ಪರಾಗದ ಚೀಲಕ್ಕೆ ನೇತುಬಿದ್ದು, ಕಾಲಿನ ಬುಟ್ಟಿ ತುಂಬಿಕೊಂಡು ಹೊರಟು ಹೋಗುತ್ತದೆ. ಹೆಣ್ಣು ತುದಿಗೆ ತಾಗುವುದೇ ಅಪರೂಪ. ಎರಡು ಗಂಟೆಯ ಹೊತ್ತಿಗೆ ಅರ್ಧ ಹೂಗಳಲ್ಲಿ ಪರಾಗವೇ ಉಳಿದಿರಲಿಲ್ಲ. ಹಗಲು ದರೋಡೆ.

ಈ ಹೂವಿಗೆ ಬೇಕಾದವನು ಬಡಗಿ ದುಂಬಿ. ಕಪ್ಪಗೆ, ಹೆಬ್ಬೆರಳಿನ ತುದಿಯಷ್ಟು ದಪ್ಪ, ಹತ್ತಿರ ಬಂದರೆ ಮೋಟಾರು ಬಂದ ಹಾಗೆ ಸದ್ದು. ಒಣ ಮರದಲ್ಲಿ ತೂತು ಕೊರೆದು ವಾಸ ಮಾಡುತ್ತದೆ. ಆ ಮಧ್ಯಾಹ್ನ ನಾಲ್ಕು ಗಂಟೆಯಲ್ಲಿ ನಾನು ಕಂಡಿದ್ದು ಎರಡೇ ಎರಡು. ಅವೂ ಮೂರ್ನಾಲ್ಕು ಹೂವು ನೋಡಿ ಹೋದವು. ಮಧ್ಯಾಹ್ನ ಎಣ್ಣೆ ಸಿಂಪಡಿಸಿದ್ದರೆ ಆ ಎರಡೂ ಬರುತ್ತಿರಲಿಲ್ಲ.

ಸರಿ, ದುಂಬಿ ಕಡಿಮೆ. ಹಾಗಾದರೆ ದುಂಬಿಯ ಕೆಲಸ ನಾವೇ ಮಾಡೋಣ. ಮಕ್ಕಳ ಚಿತ್ರ ಬಿಡಿಸುವ ಮೆತ್ತನೆ ಬ್ರಷ್ ತಂದು, ಒಂದು ಹೂವಿನ ಪರಾಗ ತೆಗೆದು ಇನ್ನೊಂದು ಹೂವಿನ ಮೂರೂ ಹೆಣ್ಣು ತುದಿಗೆ ಬಳಿದೆ. ಮೂರು ದಿನದಲ್ಲಿ 20 ಹೂವು. ಅಕ್ಕ ಪ್ರತಿಯೊಂದಕ್ಕೂ ದಾರ ಕಟ್ಟಿದಳು.

ಇಪ್ಪತ್ತೂ ಉದುರಿದವು. ದಾರದ ಸಮೇತ.

ನಾನು ಕೊಟ್ಟ ಕೆಟ್ಟ ಸಲಹೆ

ಇಷ್ಟು ಆದ ಮೇಲೆ ನನಗೆ ಎಲ್ಲೋ ಓದಿದ್ದು ನೆನಪಾಯಿತು: ಹಳದಿ ಜಾತಿಗೆ ಜೊತೆ ಬೇಕು, ಒಂಟಿ ಬಳ್ಳಿ ಕಾಯಿ ಕಚ್ಚುವುದಿಲ್ಲ. ನೆನಪಾಗಿದ್ದು ಅರ್ಧ ಮಾತ್ರ. "ಇನ್ನೊಂದು ಬಳ್ಳಿ ಹಾಕಬೇಕು" ಎಂದೆ.

ಅಕ್ಕ ಒಪ್ಪಲಿಲ್ಲ. "ನನ್ನ ಗೆಳತಿಯ ಮನೆಯಲ್ಲಿ ಇರೋದು ಒಂದೇ ಬಳ್ಳಿ. ಬುಟ್ಟಿ ಬುಟ್ಟಿ ಹಣ್ಣು ಬರುತ್ತೆ. ಅದಕ್ಕೆ ಯಾವ ಜೊತೆ ಇದೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಬಿಡಲಿಲ್ಲ. ಬೀಜ ಹಾಕಿದರೆ ತಡ ಅಂತ, ಅದೇ ಬಳ್ಳಿಯಿಂದ ಮೂರು ಗೆಣ್ಣಿನ ಕಡ್ಡಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಲ್ಲಿ ಚುಚ್ಚಿದೆ. ನೆರಳಲ್ಲಿಟ್ಟು ತೇವ ಕಾಯ್ದುಕೊಂಡೆ. ಸೊಗಸಾಗಿ ಬೇರು ಬಂತು. ಚಪ್ಪರದ ಇನ್ನೊಂದು ತುದಿಯಲ್ಲಿ ನೆಟ್ಟೆವು. ಅಕ್ಕ ಅದಕ್ಕೂ ಇದಕ್ಕೂ ಸಮಸಮ ನೀರು, ಗೊಬ್ಬರ ಹಾಕಿ ಸಾಕಿದಳು. ಹತ್ತು ತಿಂಗಳಿಗೆ ಎರಡನೆಯದೂ ಹೂ ಬಿಟ್ಟಿತು. ಬ್ರಷ್ ಹಿಡಿದು ಅದರದು ಇದಕ್ಕೆ, ಇದರದು ಅದಕ್ಕೆ.

ಮತ್ತೆ ಸೊನ್ನೆ.

ಆ ರಾತ್ರಿ ಕೂತು ಸರಿಯಾಗಿ ಯೋಚಿಸಿದಾಗ ನನ್ನ ಮುಖ ನನಗೇ ಕೆಂಪಾಯಿತು. ಕಡ್ಡಿಯಿಂದ ಬೆಳೆದ ಗಿಡ ಹೊಸ ಗಿಡ ಅಲ್ಲ. ಬೇರೆ ಬೇರು, ಬೇರೆ ಜಾಗ, ಆದರೆ ಜೀವದ ಲೆಕ್ಕದಲ್ಲಿ ಹಳೆಯ ಬಳ್ಳಿಯದೇ ಒಂದು ಕೊಂಬೆ. ಹಳದಿ ಪ್ಯಾಶನ್ ಫ್ರೂಟ್ ಹೂವಿನ ಹೆಣ್ಣು ತುದಿ ತನ್ನ ಮೇಲೆ ಬಿದ್ದ ಪರಾಗ ಯಾರದು ಅಂತ ಗುರುತು ಹಿಡಿಯುತ್ತದೆ. ಪರಾಗ ಮೊಳೆತು ಒಂದು ಸೂಕ್ಷ್ಮ ನಾಳವನ್ನು ಒಳಕ್ಕೆ ಇಳಿಸಬೇಕು, ಆಗಲೇ ಬೀಜ ಕಟ್ಟುವುದು. ಆ ಪರಾಗ ತನ್ನದೇ ಅಂತ ಗುರುತು ಸಿಕ್ಕರೆ ಅದನ್ನು ಅಲ್ಲೇ ತಡೆದುಬಿಡುತ್ತದೆ. ಈ ಗುರುತು ಇರುವುದು ವಂಶವಾಹಿಯಲ್ಲಿ. ಹೂವು ಬೇರೆ ಆದರೂ, ಕೊಂಬೆ ಬೇರೆ ಆದರೂ, ಕಡ್ಡಿಯಿಂದ ಬೇರೆ ಗಿಡ ಮಾಡಿದರೂ ಗುರುತು ಅದೇ. ಎರಡಲ್ಲ, ಇಪ್ಪತ್ತು ಕಡ್ಡಿ ನೆಟ್ಟಿದ್ದರೂ ಸೊನ್ನೆಯೇ ಬರುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂದ್ರೆ ಒಂದು ವರ್ಷದಿಂದ ನಾನು ಒಂದೇ ಗಿಡಕ್ಕೆ ಎರಡು ಕಡೆ ನೀರು ಹಾಕ್ತಾ ಇದ್ದೀನಾ?"

ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ.

ಗೆಳತಿಯ ಬಳ್ಳಿಯ ಒಗಟು

ಹಾಗಾದರೆ ಆ ಒಂಟಿ ಬಳ್ಳಿಯಲ್ಲಿ ಬುಟ್ಟಿ ಬುಟ್ಟಿ ಹಣ್ಣು ಹೇಗೆ? ಹೋಗಿ ನೋಡಿದ ಮೇಲೆ ಗೊತ್ತಾಯಿತು, ಅದು ನೇರಳೆ ಜಾತಿ. ನೇರಳೆ ಜಾತಿಯಲ್ಲಿ ಸಾಮಾನ್ಯವಾಗಿ ಈ ತಕರಾರು ಇಲ್ಲ. ತನ್ನದೇ ಪರಾಗದಿಂದ ಕಾಯಿ ಕಚ್ಚುತ್ತದೆ, ಒಂದೇ ಬಳ್ಳಿ ಸಾಕು. ಎರಡೂ ಪ್ಯಾಶನ್ ಫ್ರೂಟೇ, ಆದರೆ ಒಂದರ ಅನುಭವ ಇನ್ನೊಂದಕ್ಕೆ ಹೊಂದುವುದಿಲ್ಲ.

ಹಣ್ಣು ಬರುವ ಮೊದಲೇ ಎರಡನ್ನೂ ಗುರುತಿಸಬಹುದು. ಇಲ್ಲಿ ಒಂದು ತಮಾಷೆ ಇದೆ. ಕಾಂಡ, ಕುಡಿ, ಸುತ್ತಿಕೊಳ್ಳುವ ನುಲಿಬಳ್ಳಿ ಇವುಗಳಲ್ಲಿ ಕೆಂಪು ನೇರಳೆ ಛಾಯೆ ಕಾಣುವುದು ಹಳದಿ ಹಣ್ಣಿನ ಜಾತಿಯಲ್ಲಿ. ನೇರಳೆ ಹಣ್ಣಿನ ಬಳ್ಳಿ ಹಸಿರಾಗಿಯೇ ಇರುತ್ತದೆ. ಇನ್ನೂ ಖಚಿತ ಬೇಕಾದರೆ ಗಡಿಯಾರ ನೋಡಿ. ನೇರಳೆಯ ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಹಳದಿಯದು ಆಗಷ್ಟೇ ಅರಳುತ್ತದೆ. "ನೇರಳೆಯದೇ ಒಂದು ಪಕ್ಕದಲ್ಲಿ ಹಾಕಿಬಿಡೋಣ, ಅದೇ ಜೊತೆಯಾಗಲಿ" ಅಂತ ಭಾವ ಕೇಳಿದ್ದರು. ಅದು ಬಾಗಿಲು ಹಾಕುವ ಹೊತ್ತಿಗೆ ಇದು ಬಾಗಿಲು ತೆಗೆಯುತ್ತದೆ. ದುಂಬಿಯ ಮೇಲೆ ನಂಬಿಕೆ ಇಟ್ಟು ಕೂರುವ ಜೋಡಿ ಅಲ್ಲ ಅದು.

ಇಬ್ಬಣ್ಣದ ದಾರ

ಈ ಸಲ ನೆಡುವ ಮೊದಲೇ ಪರೀಕ್ಷೆ ಮಾಡಬೇಕು ಅಂತ ತೀರ್ಮಾನ ಆಯಿತು. ಮತ್ತೊಂದು ವರ್ಷ ಕಳೆಯುವ ತಾಳ್ಮೆ ಅಕ್ಕನಿಗಿರಲಿಲ್ಲ, ನನ್ನ ಮಾತಿನ ಮೇಲೆ ನಂಬಿಕೆಯೂ ಅಷ್ಟಕ್ಕಷ್ಟೆ.

ಎರಡು ಬೀದಿ ಆಚೆ ಇನ್ನೊಬ್ಬರ ಮನೆಯಲ್ಲಿ ಹಳದಿ ಜಾತಿಯ ಬಳ್ಳಿ ಇತ್ತು, ಬೇರೆ ಕಡೆಯಿಂದ ತಂದ ಬೀಜದ್ದು. ಅದೂ ಒಂಟಿ, ಅದರಲ್ಲೂ ಕಾಯಿ ಇಲ್ಲ, ಅವರದೂ ಇದೇ ಗೋಳು. ಒಂದು ಮಧ್ಯಾಹ್ನ ಅವರ ಬಳ್ಳಿಯಿಂದ ಆಗ ತಾನೇ ಅರಳಿದ ಐದು ಹೂಗಳನ್ನು ಜೇನುನೊಣ ಮುತ್ತುವ ಮೊದಲೇ ಕಿತ್ತು, ಒಣಗಿದ ಡಬ್ಬಿಯಲ್ಲಿ ಹಾಕಿ ತಂದೆವು. ಅಕ್ಕನ ಬಳ್ಳಿಯಲ್ಲಿ 16 ಹೂವು ಆರಿಸಿದೆವು. ಎಂಟಕ್ಕೆ ಅದೇ ಬಳ್ಳಿಯ ಪರಾಗ ಬಳಿದು ಬಿಳಿ ದಾರ. ಎಂಟಕ್ಕೆ ಹೊರಗಿನ ಪರಾಗ ಬಳಿದು ಕೆಂಪು ದಾರ. ದುಂಬಿ ಬಂದು ಲೆಕ್ಕ ಕೆಡಿಸದಿರಲಿ ಅಂತ ಹದಿನಾರಕ್ಕೂ ತೆಳು ಬಟ್ಟೆಯ ಚೀಲ ಕಟ್ಟಿದೆವು.

ನಾಲ್ಕನೇ ದಿನ ಬೆಳಿಗ್ಗೆ ಅಕ್ಕನಿಂದ ಫೋಟೋ ಬಂತು. ಬಿಳಿ ದಾರದ ಎಂಟೂ ನೆಲದ ಮೇಲೆ. ಕೆಂಪು ದಾರದಲ್ಲಿ ಆರು ಬಳ್ಳಿಯ ಮೇಲೇ ಇದ್ದವು. ಒಣಗಿದ ದಳಗಳ ನಡುವೆ ಬಟಾಣಿಗಿಂತ ದೊಡ್ಡದಾದ ಹಸಿರು ಹೀಚು. ಸರಿಯಾಗಿ ಪರಾಗ ತಾಕಿದ ಹೂವು ಎಷ್ಟು ಬೇಗ ಊದಿಕೊಳ್ಳುತ್ತದೆ ಅಂತ ನಾವಿಬ್ಬರೂ ಮೊದಲ ಸಲ ನೋಡಿದ್ದು ಅವತ್ತು.

ಕೆಂಪು ದಾರದ ಉಳಿದ ಎರಡು ಯಾಕೆ ಉದುರಿದವು? ಒಂದರ ಕಾರಣ ನಮ್ಮ ಫೋಟೋದಲ್ಲೇ ಇತ್ತು. ಆ ಹೂವಿನ ಹೆಣ್ಣು ತುದಿಗಳು ಸಂಜೆಯಾದರೂ ಬಾಗದೆ ನೆಟ್ಟಗೇ ನಿಂತಿದ್ದವು. ಈ ಜಾತಿಯಲ್ಲಿ ಹೀಗೆ ಬಾಗದ ಹೂಗಳು ಅಲ್ಲಲ್ಲಿ ಬರುತ್ತವೆ. ಅವು ಕಾಯಿ ಕಚ್ಚುವುದಿಲ್ಲ, ಪರಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ನಾವು ಕೊನೆಗೆ ಬಳಿದದ್ದು, ಚಪ್ಪರದ ಅಂಚಿನಲ್ಲಿತ್ತು. ಬಳಿದು ಅರ್ಧ ಗಂಟೆಗೆ ಒಂದು ಸಣ್ಣ ಮಳೆ ಹನಿಸಿತ್ತು. ಇದರ ಪರಾಗಕ್ಕೆ ನೀರು ತಾಗಿದರೆ ಒಡೆದು ಹಾಳಾಗುತ್ತದೆ. ಬಳಿದ ಮೇಲೆ ಎರಡು ಗಂಟೆಯಾದರೂ ಮಳೆ ಬರಬಾರದು, ಪೈಪಿನ ನೀರೂ ಹೂವಿಗೆ ಚಿಮ್ಮಬಾರದು.

ಎಂಟಕ್ಕೆ ಆರು, ಎಂಟಕ್ಕೆ ಸೊನ್ನೆ. ಇದಕ್ಕಿಂತ ಚೆನ್ನಾಗಿ ಬಳ್ಳಿ ತಾನೇ ಬಾಯಿಬಿಟ್ಟು ಹೇಳಲಾರದು.

ಯಾವುದನ್ನು ನೆಡುವುದು

ಈಗ ಎರಡನೇ ಬಳ್ಳಿ ಯಾವುದಿರಬೇಕು ಎಂಬ ಪ್ರಶ್ನೆ. ಅಕ್ಕ ಹೇಳಿದ್ದು, "ಈ ಆರು ಕಾಯಿ ಹಣ್ಣಾಗಲಿ, ಅದರ ಬೀಜವನ್ನೇ ಹಾಕೋಣ." ಬೀಜದಿಂದ ಬಂದ ಗಿಡ ಹೊಸ ಗಿಡವೇ, ನಿಜ. ಆದರೆ ಅದು ಈ ಬಳ್ಳಿಯ ಮಗು. ಅರ್ಧ ಗುರುತು ತಾಯಿಯಿಂದಲೇ ಬಂದಿರುತ್ತದೆ. ತಾಯಿಗೂ ಅದಕ್ಕೂ ಹೊಂದಬಹುದು, ಹೊಂದದೆಯೂ ಇರಬಹುದು. ಒಂದೇ ಹಣ್ಣಿನ ಬೀಜದಿಂದ ಎದ್ದ ಅಣ್ಣತಮ್ಮಂದಿರ ನಡುವೆಯೂ ಹೀಗೇ, ಕೆಲವು ಜೋಡಿ ಹೊಂದುತ್ತವೆ, ಕೆಲವು ಇಲ್ಲ. ಮೂರ್ನಾಲ್ಕು ಸಸಿ ಒಟ್ಟಿಗೆ ಬೆಳೆಸಲು ಜಾಗ ಇದ್ದರೆ ಹೇಗೂ ಒಂದು ಜೋಡಿ ಹೊಂದುವ ಸಂಭವ ಜಾಸ್ತಿ. ಬಸವನಹುಳು ಆವತ್ತು ಏಳೂ ಸಸಿ ತಿನ್ನದಿದ್ದರೆ ಬಹುಶಃ ಈ ಪ್ರಕರಣವೇ ಇರುತ್ತಿರಲಿಲ್ಲ.

ನಮ್ಮ ಹತ್ತಿರ ಇದ್ದಿದ್ದು ಒಂದೇ ಬಳ್ಳಿಯ ಜಾಗ. ಹಾಗಾಗಿ ಲಾಟರಿ ಬೇಡ ಅಂತ, ಹೊಂದುತ್ತದೆ ಎಂದು ಈಗಾಗಲೇ ತೋರಿಸಿಕೊಟ್ಟ ಆ ಬಳ್ಳಿಯ ಕಡ್ಡಿಯನ್ನೇ ತಂದೆವು. ಹೌದು, ಮತ್ತೆ ಕಡ್ಡಿ. ನಮ್ಮನ್ನು ಒಂದು ವರ್ಷ ಹಿಂದಕ್ಕೆ ಹಾಕಿದ ಗುಣವೇ ಈಗ ನಮಗೆ ಬೇಕಾಗಿತ್ತು: ಕಡ್ಡಿ ಅಂದರೆ ಅದೇ ಬಳ್ಳಿ. ಬದಲಿಗೆ ನಮ್ಮ ಬಳ್ಳಿಯ ಎರಡು ಕಡ್ಡಿ ಅವರಿಗೆ ಕೊಟ್ಟೆವು. ಇಬ್ಬರ ಸಮಸ್ಯೆಯೂ ಒಂದೇ ದಿನ ಬಗೆಹರಿಯಿತು.

ನಾನು ನೆಟ್ಟಿದ್ದ ನಕಲು ಬಳ್ಳಿಯನ್ನು ಕೀಳಲು ಅಕ್ಕನಿಗೆ ಮನಸ್ಸಿರಲಿಲ್ಲ. "ಪಾಪ, ಅದೇನು ತಪ್ಪು ಮಾಡಿದೆ?" ಎಂದಳು. ಆದರೆ ಜಾಗ, ಬಿಸಿಲು ಎರಡೂ ಅದೇ ತಿನ್ನುತ್ತಿತ್ತು. ಕೊನೆಗೆ ಭಾವನೇ ಬುಡಕ್ಕೆ ಕತ್ತರಿಸಿದರು.

ಟೊಳ್ಳು ಹಣ್ಣು

ಕಡ್ಡಿ ಬೆಳೆದು ಹೂ ಬಿಡುವವರೆಗೆ ಡಬ್ಬಿಯಲ್ಲಿ ಪರಾಗ ಹೊತ್ತು ತರುವುದು ನಡೆಯಿತು. ಮೊದಲ ಆರು ಹಣ್ಣು ಪೂರ್ತಿ ಬಲಿಯಲು ಎರಡೂವರೆ ತಿಂಗಳು ಹಿಡಿಯಿತು. ಸಾಮಾನ್ಯವಾಗಿ 60ರಿಂದ 90 ದಿನ ಬೇಕು. ಹಣ್ಣು ಬಲಿತಾಗ ಬಳ್ಳಿ ತಾನಾಗಿ ಬೀಳಿಸುತ್ತದೆ, ಕೀಳಬಾರದು. ಬೆಳಿಗ್ಗೆ ಎದ್ದು ಆರಿಸಿಕೊಳ್ಳುವುದು ಅಷ್ಟೇ. ಸಿಪ್ಪೆ ಸ್ವಲ್ಪ ಸುಕ್ಕುಗಟ್ಟುವವರೆಗೆ ಇಟ್ಟರೆ ಹುಳಿ ಇಳಿಯುತ್ತದೆ.

ಮೊದಲ ಹಣ್ಣು ಕೈಯಲ್ಲಿ ಹಿಡಿದರೆ ಹಗುರ. ಕೊಯ್ದರೆ ಅರ್ಧ ಖಾಲಿ. ಒಳಗೆ ಒಂದು ಬದಿಯಲ್ಲಿ ಮಾತ್ರ ಬೀಜ, ಉಳಿದ ಕಡೆ ಬಿಳಿ ಗೋಡೆ. ಅಕ್ಕನ ಮುಖ ಸಣ್ಣದಾಯಿತು. ಆರರಲ್ಲಿ ಎರಡು ಹೀಗೆ, ಉಳಿದವು ಚೆನ್ನಾಗಿದ್ದವು.

ಇದರ ಕಾರಣ ಬ್ರಷ್ ಹಿಡಿದವನ ಕೈಯಲ್ಲಿದೆ, ಅಂದರೆ ನನ್ನ ಕೈಯಲ್ಲಿ. ಈ ಹಣ್ಣಿನಲ್ಲಿ ನಾವು ತಿನ್ನುವುದು ತಿರುಳಲ್ಲ. ಪ್ರತಿ ಬೀಜಕ್ಕೂ ತನ್ನದೇ ಒಂದು ರಸದ ಚೀಲ. ಬೀಜ ಇಲ್ಲದಿದ್ದರೆ ಚೀಲ ಇಲ್ಲ, ಚೀಲ ಇಲ್ಲದಿದ್ದರೆ ರಸ ಇಲ್ಲ. ಒಂದು ಬೀಜಕ್ಕೆ ಒಂದು ಪರಾಗದ ಕಣ ಬೇಕು. ತುಂಬಿದ ಹಣ್ಣಲ್ಲಿ ನೂರಕ್ಕೂ ಜಾಸ್ತಿ ಬೀಜ ಇರುತ್ತವೆ. ಅಷ್ಟು ಕಣಗಳು ಹೆಣ್ಣು ತುದಿಗೆ ತಲುಪಬೇಕು. ನಾನು ಅವಸರದಲ್ಲಿ ಕೆಲವು ಹೂಗಳ ಒಂದೇ ತುದಿಗೆ ತಾಗಿಸಿ ಮುಂದೆ ಹೋಗಿದ್ದೆ. ಹಣ್ಣು ಅದನ್ನು ಅಷ್ಟೇ ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿತು.

ಆಮೇಲೆ ಬ್ರಷ್ ಬಿಟ್ಟೆವು. ಬ್ರಷ್ಷಿನ ಕೂದಲಲ್ಲೇ ಅರ್ಧ ಪರಾಗ ಉಳಿದುಬಿಡುತ್ತದೆ. ಈಗ ಅಕ್ಕ ಮಾಡುವುದು ಹೀಗೆ: ಒಂದು ಬಳ್ಳಿಯ ಹೂವಿನ ಪರಾಗದ ಚೀಲಗಳಿಗೆ ತೋರುಬೆರಳು ಮೆಲ್ಲಗೆ ಸವರುತ್ತಾಳೆ. ಬೆರಳು ಹಳದಿಯಾಗುತ್ತದೆ. ಇನ್ನೊಂದು ಬಳ್ಳಿಯ ಹೂವಿನ ಮೂರೂ ತುದಿಗೆ, ಕೆಳಭಾಗ ಪೂರ್ತಿ ಹಳದಿ ಕಾಣುವವರೆಗೆ ಒತ್ತುತ್ತಾಳೆ. ಎರಡು ಗಂಟೆಯ ಸುಮಾರಿಗೆ ಶುರು, ಅಷ್ಟು ಹೊತ್ತಿಗೆ ತುದಿಗಳು ಬಾಗಿರುತ್ತವೆ. ಜೇನುನೊಣ ಮುತ್ತುವ ಮೊದಲೇ ಸ್ವಲ್ಪ ಪರಾಗ ಉಳಿಸಿಕೊಳ್ಳಬೇಕಿದ್ದರೆ, ನಾಲ್ಕಾರು ಮೊಗ್ಗುಗಳಿಗೆ ಬೆಳಿಗ್ಗೆಯೇ ಬಟ್ಟೆ ಚೀಲ ಕಟ್ಟಿಡುತ್ತಾಳೆ. ಕೈ ತೊಳೆಯಲು ನೀರು ಹತ್ತಿರ ಇಟ್ಟುಕೊಳ್ಳುವುದಿಲ್ಲ. ಒದ್ದೆ ಬೆರಳು ಬೇಡ.

ದಿನಾ ಹೀಗೆ ಮಾಡುವುದು ಬೇಸರದ ಕೆಲಸ ಅಲ್ವಾ? ಬೇಸರದ್ದೇ. ಅದಕ್ಕೇ ಬಡಗಿ ದುಂಬಿಗೂ ಒಂದು ವ್ಯವಸ್ಥೆ ಮಾಡಿದೆವು. ಚಪ್ಪರದ ಹತ್ತಿರ ನೆರಳಲ್ಲಿ ಬಣ್ಣ ಹಚ್ಚದ ಒಂದು ಹಳೆಯ ಮೆತ್ತನೆ ಮರದ ತುಂಡು, ಮಳೆ ತಾಗದ ಹಾಗೆ ಕಟ್ಟಿದ್ದು. ಭಾವನಿಗೆ ಭಯ, ಮನೆಯ ತೊಲೆಯನ್ನೂ ಕೊರೆದುಬಿಟ್ಟರೆ ಅಂತ. ಭಯಕ್ಕೆ ಅರ್ಥ ಇದೆ, ಬಣ್ಣ ಬಳಿಯದ ಒಣ ಮರ ಸಿಕ್ಕಿದರೆ ಅದು ಯಾರದ್ದು ಅಂತ ದುಂಬಿ ಕೇಳುವುದಿಲ್ಲ. ತೊಲೆಗೆ ಎರಡು ಕೈ ಬಣ್ಣ ಬಳಿದರು. ಆರು ತಿಂಗಳಾದ ಮೇಲೆ ಆ ತುಂಡಿನಲ್ಲಿ ಕಿರುಬೆರಳು ಹೋಗುವಷ್ಟು ಒಂದು ಗುಂಡು ತೂತು, ಕೆಳಗೆ ಮರದ ಪುಡಿ ಕಂಡಿತು. ಈಗ ಮಧ್ಯಾಹ್ನ ಐದಾರು ದುಂಬಿ ಬರುತ್ತವೆ. ಹೂ ಬಿಡುವ ಕಾಲದಲ್ಲಿ ಎಣ್ಣೆಯೂ ಇಲ್ಲ, ಬೇರೆ ಸಿಂಪಡಣೆಯೂ ಇಲ್ಲ. ತೀರಾ ಬೇಕಾದರೆ ಹೂ ಮುಚ್ಚಿದ ಮೇಲೆ, ರಾತ್ರಿ.

ಹೊಸ ಬಳ್ಳಿ ಹೂ ಬಿಟ್ಟ ಮೇಲಿನ ಮೊದಲ ಸುತ್ತಿನಲ್ಲಿ ಎರಡೂ ಸೇರಿ 140 ಹಣ್ಣು ಬಂದವು. ಸುಮಾರು ಅರ್ಧ ಅಕ್ಕನ ಬೆರಳಿನದು, ಉಳಿದರ್ಧ ದುಂಬಿಯದು ಅಂತ ಅವಳ ಲೆಕ್ಕ. ಟೊಳ್ಳು ಬಂದರೆ ದುಂಬಿಯ ಕಡೆ ಬರೆದುಕೊಳ್ಳುತ್ತಾಳೆ. ಕಾಯಿ ಮುಗಿದ ಮೇಲೆ ಹಳೆಯ ಕವಲುಗಳನ್ನು ಮೂರರಲ್ಲೊಂದು ಪಾಲು ಸವರಿ, ಮತ್ತೆ ಹೊಸ ಕುಡಿ ಬರಲು ಬಿಟ್ಟಿದ್ದಾಳೆ. ಹಳೆಯ ಬಳ್ಳಿಗೆ ಈಗ ನಾಲ್ಕನೇ ವರ್ಷ. ಇವು ತುಂಬಾ ವರ್ಷ ಬದುಕುವ ಬಳ್ಳಿಗಳಲ್ಲ. ಅದಕ್ಕೆ ಎರಡರಿಂದಲೂ ಕಡ್ಡಿ ತೆಗೆದು ಕುಂಡದಲ್ಲಿ ಬೇರು ಬರಿಸಿ ಇಟ್ಟಿದ್ದಾಳೆ, ಬುಡಕ್ಕೆ ದಾರ ಕಟ್ಟಿ. ಹಳೆಯದಕ್ಕೆ ಬಿಳಿ, ಹೊಸದಕ್ಕೆ ಕೆಂಪು.

ಹೋದ ವಾರ ಯಾರೋ ಬಂದು ಒಂದು ಕಡ್ಡಿ ಕೇಳಿದರಂತೆ. ಅಕ್ಕ ಒಂದು ಕೊಡಲಿಲ್ಲ. ಬಿಳಿಯದೊಂದು, ಕೆಂಪಿನದೊಂದು ಕೊಟ್ಟು, "ದಾರ ಮಾತ್ರ ಬಿಚ್ಚಬೇಡಿ" ಎಂದು ಕಳಿಸಿದ್ದಾಳೆ.